ಮುಳ್ಳು ತೆಗೆಸಿದ ವರ್ಷ

ಹೋದ ಮಾಘದಲ್ಲಿ ತಡಸದ ಒಂದು ಮದುವೆಗೆ ಹೊರಟಿದ್ದೆವು. ಗೊಟಗೋಡಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂದು ಕಾರು ನಿಂತಿತು. ಹಿಂದಿನ ದಿನ ಆ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದಿತ್ತು. ನೆಂದ ಉಣ್ಣೆಯ ವಾಸನೆ, ಹಿಕ್ಕೆಯ ವಾಸನೆ ಎರಡೂ ಒಟ್ಟಿಗೇ ಒಳಗೆ ನುಗ್ಗಿದವು. ಸೊಸೆ ಸೆರಗನ್ನು ಮೂಗಿಗೆ ಹಿಡಿದು ತನ್ನ ಕಡೆಯ ಗಾಜು ಏರಿಸಿದಳು. ನಾನು ನನ್ನ ಕಡೆಯದನ್ನು ಪೂರ್ತಿ ಇಳಿಸಿದೆ.

"ಮಾವಾರ, ವಾಸನಿ ಬರತೈತ್ರಿ," ಎಂದಳು.

"ಬರಲಿ ಬಿಡವಾ," ಎಂದೆ. ಊಟಕ್ಕೆ ಕುಳಿತಾಗಲೂ ಆ ವಾಸನೆ ಕೈಗೆ ಅಂಟಿಕೊಂಡ ಹಾಗೆಯೇ ಇತ್ತು. ನನ್ನ ನೌಕರಿಯ ಒಂದು ಚಳಿಗಾಲ ಆ ವಾಸನೆಯಲ್ಲಿದೆ. ಅದನ್ನು ನಾನು ಮನೆಯವರಿಗೆ ಯಾವತ್ತೂ ಹೇಳಿಲ್ಲ, ಹೇಳಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿಗ್ಗಾಂವಿಯಲ್ಲಿ ಪ್ರಚಾರದ ಕೆಲಸಕ್ಕಿದ್ದೆ. ಒಂದು ಮುದಿ ಜೀಪು, ಅದರ ನೆತ್ತಿಯ ಮೇಲೆ ಎರಡು ಕಹಳೆಯಂಥ ಸ್ಪೀಕರು, ಒಳಗೆ ಒಂದು ಮೈಕು. ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾಂವಿ, ಈ ನಾಲ್ಕೂ ತಾಲ್ಲೂಕಿನ ಊರೂರು ತಿರುಗಿ ಸರ್ಕಾರ ಹೇಳು ಅಂದದ್ದನ್ನು ಜನರ ಕಿವಿಗೆ ಬೀಳುವ ಹಾಗೆ ಒದರುವುದು ನನ್ನ ಹೊಟ್ಟೆಪಾಡು. ಚಿಕ್ಕ ಸಂಸಾರ, ಉಳಿತಾಯ, ಮಕ್ಕಳಿಗೆ ಲಸಿಕೆ ಎಲ್ಲವನ್ನೂ ಒಂದೇ ದನಿಯಲ್ಲಿ ಒದರಿದ್ದೇನೆ. ಆಗ ನನಗೆ ಇಪ್ಪತ್ತಾರು. ನನ್ನ ದನಿ ಚೆನ್ನಾಗಿದೆ ಎಂದು ಯಾರೋ ಹೇಳಿದ್ದರು, ಅದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ನಂಬಿದ್ದೆ.

ಜೀಪು ಓಡಿಸುತ್ತಿದ್ದವರು ಸವಣೂರಿನ ಖಾದರಸಾಬರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಬಾಯಲ್ಲಿ ಸದಾ ತಮ್ಮೂರಿನ ವೀಳ್ಯದೆಲೆ. ನಾನು ಮೈಕಿನಲ್ಲಿ ಮಾತಾಡುವಷ್ಟು ಹೊತ್ತು ಅವರು ಎಲೆ ಜಗಿಯುತ್ತ ಜನರ ಮುಖ ನೋಡುತ್ತಿದ್ದರು. ಮಾತು ಮುಗಿದ ಮೇಲೆ "ಇವತ್ತು ಯಾರೂ ಕೇಳಿಲ್ರಿ ಸಾಹೇಬ್ರ" ಎಂದೋ, "ಆ ಕಟ್ಟಿಮ್ಯಾಲಿನ ಮುದುಕ ಒಬ್ಬಾಂವ ಕೇಳಿದ" ಎಂದೋ ವರದಿ ಕೊಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅವರ ವರದಿ ಮಾತ್ರ ಸುಳ್ಳಾಗುತ್ತಿರಲಿಲ್ಲ.

ಆ ವರ್ಷ ಸುಗ್ಗಿಯ ಹೊತ್ತಿಗೆ ರೈತರಿಗೂ ಕುರಿಗಾರರಿಗೂ ಬಡಿದಾಟ ಶುರುವಾಯಿತು. ಮೊದಲೆಲ್ಲ ಹಾಗಿರಲಿಲ್ಲ. ಕಾಳುಕಡಿ ಮನೆ ಸೇರಿದ ಮೇಲೆ ಸವಣೂರಿನ ಎರೆಹೊಲಗಳೆಲ್ಲ ಬಟಾಬಯಲು. ಕುರಿಗಾರರು ಹಿಂಡು ಹೊಡೆದುಕೊಂಡು ಅಲ್ಲಿಂದ ಹಾನಗಲ್ಲಿನ ಭತ್ತದ ಗದ್ದೆಗಳವರೆಗೆ ಹೊಲದಿಂದ ಹೊಲಕ್ಕೆ ಹೋಗುವರು. ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಹಿಕ್ಕೆಯೇ ಸಾಕು, ಆ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಹಾಗಾಗಿ ರೈತರು ನಮ್ಮ ಹೊಲಕ್ಕೆ ಮೊದಲು ಬರ್ರಿ, ನಮ್ಮ ಹೊಲಕ್ಕೆ ಮೊದಲು ಬರ್ರಿ ಎಂದು ಕರೆಯುವರು, ಜೋಳ ಕೊಡುವರು. ಈಗ ಹೊಸ ತಳಿಯ ಹತ್ತಿ ಬಂದಿತ್ತು. ಅದು ಒಂದು ಸಲಕ್ಕೆ ಮುಗಿಯುವ ಬೆಳೆಯಲ್ಲ. ಮೂರು ಸಲ, ನಾಲ್ಕು ಸಲ ಬಿಡಿಸಿದರೂ ಗಿಡದಲ್ಲಿ ಇನ್ನೂ ಕಾಯಿ. ಸುಗ್ಗಿ ಕಳೆದರೂ ಹೊಲ ಖಾಲಿಯಾಗುತ್ತಿರಲಿಲ್ಲ. ಕುರಿಗಳ ದಾರಿ ಮಾತ್ರ ಹಳೆಯದೇ.

ಒಂದು ಊರಲ್ಲಿ ಕುರಿಗಾರನೊಬ್ಬನ ಕೈ ಮುರಿಯಿತು. ಇನ್ನೊಂದು ಊರಲ್ಲಿ ಹಿಂಡನ್ನೇ ಹಿಡಿದು, ಪುಂಡ ದನ ಕೂಡಿಹಾಕುವ ಕೊಂಡವಾಡಕ್ಕೆ ಹಾಕಿದರು. ಆಗ ಮೇಲಿನ ಸಾಹೇಬರೊಬ್ಬರು ನನ್ನನ್ನು ಕರೆದು "ಪೊಲೀಸರು ಎಷ್ಟು ಊರು ಕಾಯ್ತಾರೆ? ನೀನು ಪ್ರಚಾರ ಮಾಡು. ಇಬ್ಬರಿಗೂ ಬುದ್ಧಿ ಹೇಳು" ಎಂದರು. ನಾನು ಎರಡು ದಿನ ಕುಳಿತು ಒಂದು ಕರಪತ್ರ ಬರೆದೆ. ಸೌಹಾರ್ದ ಎಂಬ ಶಬ್ದ ಅದರಲ್ಲಿ ಆರು ಸಲ ಇತ್ತು. ಮುಂದಿನ ವಾರ ಹಾನಗಲ್ಲಿನಲ್ಲಿ ಚುರುಮುರಿ ಕೊಂಡರೆ ಪೊಟ್ಟಣದ ಮೇಲೆ ನನ್ನದೇ ಬರಹ. ಖಾದರಸಾಬರು ಅದನ್ನು ಬಿಡಿಸಿ ಓದಿ "ಅಕ್ಷರ ಭಾಳ ಚೆಂದ ಬಂದಾವ್ರಿ" ಎಂದರು.

ಮಾಳಪ್ಪ ಸಿಕ್ಕಿದ್ದು ಆ ದಿನಗಳಲ್ಲೇ. ಹಿರೇಕೆರೂರು ಸೀಮೆಯ ಕುರಿಗಾರ, ಐವತ್ತು ದಾಟಿದವನು. ಕೆರೆಯ ದಂಡೆಯಲ್ಲಿ ಅವನ ಬಿಡಾರವಿತ್ತು. ಒಂದು ಕುಳ್ಳ ಕುದುರೆ, ಎರಡು ನಾಯಿ, ಬಲೆಯ ಬೇಲಿಯೊಳಗೆ ಹಾಲು ಕುಡಿಯುವ ಮರಿಗಳು. ಅವನ ಹೆಂಡತಿ ಯಲ್ಲವ್ವ ಕಲ್ಲೊಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಅವನಿಗೂ ಬುದ್ಧಿ ಹೇಳಿದೆ. ಅವನು ಕಂಬಳಿ ಹೊದ್ದು ಪೂರ್ತಿ ಕೇಳಿದ.

"ಬುದ್ಧಿ ಹೇಳಾಕ ಭಾಳ ಮಂದಿ ಬರ್ತಾರ್ರಿ," ಎಂದ. "ಯಾ ಹೊಲ ಎಂದು ಖಾಲಿ ಆಗತೈತಿ ಅನ್ನೂದು ಮಾತ್ರ ಯಾರೂ ಹೇಳಂಗಿಲ್ಲ. ನಿಮ್ಮ ಆ ಡಬ್ಬ್ಯಾಗ ಅದನ್ನ ಹೇಳ್ರಿ. ನಾವು ದಾರಿ ಬದಲ ಮಾಡಿಕೋತೇವಿ."

ಅಷ್ಟೇ ಮಾತು. ಅದು ನನ್ನ ಯಾವ ಸಾಹೇಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮರುದಿನದಿಂದಲೇ ಶುರುಮಾಡಿದೆವು. ಬೆಳಿಗ್ಗೆ ಊರೊಳಗೆ ಹೋಗಿ ಯಾವ ಹೊಲ ಎಂದಿಗೆ ತೆರವು ಎಂದು ರೈತರನ್ನು ಕೇಳುವುದು. ಮಧ್ಯಾಹ್ನ ಕುರಿಗಾರರ ಬಿಡಾರಗಳ ಹತ್ತಿರ ಹೋಗಿ ಅದನ್ನು ಮೈಕಿನಲ್ಲಿ ಹೇಳುವುದು. ಕೆರೆ ಕೆಳಗಿನ ಹೊಲ ಗುರುವಾರದಿಂದ, ಹಳ್ಳದ ಆಚೆಯವು ಅಮಾವಾಸ್ಯೆ ಆದಮೇಲೆ, ಹೀಗೆ. ಮೊದಲ ಸಲ ಜನ ಜೀಪಿನ ಹತ್ತಿರ ತಾವಾಗಿ ಬಂದು ನಿಂತರು. ಖಾದರಸಾಬರು "ಇವತ್ತ ಎಲ್ಲಾರೂ ಕೇಳಿದರ್ರಿ" ಎಂದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಪುಷ್ಯದ ಚಳಿ, ಬೆಳಗಿನ ಇಬ್ಬನಿ, ಹೊಲದ ಬದುವಿನಲ್ಲಿ ಯಾರೋ ಕೊಟ್ಟ ಬಿಸಿ ಹಾಲು. ಒಂದು ತಿಂಗಳು ಎಲ್ಲೂ ಒಂದು ಬಡಿಗೆಯೂ ಏಳಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನನ್ನ ತಲೆ ನಿಲ್ಲಲಿಲ್ಲ.

ಆ ಕಡೆ ಹೊಲದ ಬಾಯಿಗೆ ಜಾಲಿಮುಳ್ಳಿನ ಕಂಟಿಯೊಂದನ್ನು ಅಡ್ಡ ಇಡುವ ರೂಢಿಯಿತ್ತು. ಎಲ್ಲಿ ನೋಡಿದರೂ ಮುಳ್ಳು. ನನ್ನ ಕಣ್ಣಿಗೆ ಅದು ಜಗಳದ ಗುರುತಿನ ಹಾಗೆ ಕಂಡಿತು. ಒಬ್ಬರ ಮುಖದ ಮೇಲೆ ಒಬ್ಬರು ಬಾಗಿಲು ಹಾಕಿಕೊಂಡ ಹಾಗೆ. ಮುಳ್ಳು ತೆಗೆಯಿರಿ ಎಂದು ಸಾರಲು ಶುರುಮಾಡಿದೆ. ಹೊಲ ತೆರವಾದ ಸುದ್ದಿ ಜೀಪಿನಲ್ಲೇ ಬರುತ್ತದಲ್ಲ, ಇನ್ನು ಮುಳ್ಳು ಯಾಕೆ?

"ಮುಳ್ಳು ಇದ್ರ ಇರವಲ್ದ್ಯಾಕ ಸಾಹೇಬ್ರ," ಎಂದರು ಖಾದರಸಾಬರು. "ಅದೇನು ಯಾರಿಗೂ ಬೈಯಂಗಿಲ್ಲ."

ನಾನು ಕೇಳಲಿಲ್ಲ. ಸವಣೂರು ತಾಲ್ಲೂಕಿನ ಒಂದು ಊರಿನಲ್ಲಿ ನಿಂಗಪ್ಪ ಎಂಬ ರೈತನಿದ್ದ. ನನ್ನದೇ ವಯಸ್ಸು, ನಾಲ್ಕು ಕ್ಲಾಸು ಓದಿದವನು, ಹೊಸ ಹತ್ತಿಯನ್ನು ಆ ಊರಿಗೆ ಮೊದಲು ತಂದವನು. ಊರಿನ ಹೆಸರು ಬರೆಯುವುದಿಲ್ಲ, ಅವನ ಮಕ್ಕಳುಮರಿ ಇನ್ನೂ ಅಲ್ಲೇ ಇದ್ದಾರೆ. ಅವನನ್ನೂ ಮಾಳಪ್ಪನನ್ನೂ ಒಟ್ಟಿಗೆ ನಿಲ್ಲಿಸಿ, ಇಬ್ಬರ ಕೈಯಿಂದಲೂ ಹೊಲದ ಬಾಯಿಯ ಮುಳ್ಳುಕಂಟಿ ಎತ್ತಿಸಿ ಫೋಟೋ ತೆಗೆಸಿದೆ. ಫೋಟೋದವನು ಇನ್ನಷ್ಟು ನಗಿರಿ ಎಂದ. ಮಾಳಪ್ಪನಿಗೆ ಬರಲಿಲ್ಲ, ನಿಂಗಪ್ಪ ನಕ್ಕ. ಅದು ಪೇಪರಿನಲ್ಲಿ ಬಂತು. ಸಾಹೇಬರು ಕರೆದು ಬೆನ್ನು ತಟ್ಟಿದರು. ಹಿರೇಕೆರೂರಿನಲ್ಲಿ ಒಂದು ಸಭೆ ಇಟ್ಟು ಎರಡು ದಿನ ಇದ್ದು ಬಾ, ಎಲ್ಲರಿಗೂ ನಿನ್ನ ರೀತಿ ಹೇಳಿಕೊಡು ಎಂದರು. ನಿಂಗಪ್ಪನ ಹೊಲ ಬರುವ ಗುರುವಾರದಿಂದ ತೆರವು ಎಂದು ಮೈಕಿನಲ್ಲಿ ಹೇಳಿ ನಾನು ಹಿರೇಕೆರೂರಿಗೆ ಹೋದೆ. ಅಲ್ಲಿ ನನಗೆ ಹಾರ ಹಾಕಿದರು.

ಗುರುವಾರ ಮಧ್ಯಾಹ್ನ ಶಿಗ್ಗಾಂವಿಗೆ ವಾಪಸು ಬಂದಾಗ ಮೇಜಿನ ಮೇಲೆ ಒಂದು ಚೀಟಿ ಇತ್ತು. ಮಂಗಳವಾರವೇ ಬಸ್ಸಿನ ಕಂಡಕ್ಟರ್ ಕೊಟ್ಟು ಹೋಗಿದ್ದ. ನಿಂಗಪ್ಪನ ಅಕ್ಷರ. ಗಿಡದಲ್ಲಿ ಇನ್ನೂ ಕಾಯಿ ಉಳಿದಿದೆ, ಹುಳ ಬಿದ್ದಿದೆ, ಎಣ್ಣೆ ಹೊಡೆದಿದ್ದೇನೆ, ಹದಿನೈದು ದಿನ ಕುರಿ ಬಿಡಬೇಡಿ ಎಂದು ಮೈಕಿನಲ್ಲಿ ಹೇಳಿರಿ ಎಂದು ಬರೆದಿದ್ದ. ಎಣ್ಣೆ ಎಂದರೆ ಕೀಟಕ್ಕೆ ಹೊಡೆಯುವ ವಿಷ. ನಾನು ಅದನ್ನು ಓದುತ್ತ ನಿಂತಿರುವಾಗಲೇ ಸಾಹೇಬರ ಜವಾನ ಸೈಕಲ್ಲಿನಲ್ಲಿ ಬಂದು, ಆ ಊರಿನಲ್ಲಿ ಕುರಿ ಸಾಯಾಕತ್ತಾವಂತ, ಬಡಿಗೆ ಹಿಡಿದು ಮಂದಿ ಕೂಡ್ಯಾರಂತ, ಬೇಗ ಬರಬೇಕಂತ ಎಂದ. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಹೊಲದ ತುಂಬ ಕುರಿ ಬಿದ್ದಿದ್ದವು. ಕೆಲವು ಸತ್ತಿದ್ದವು, ಕೆಲವು ಕಾಲು ಬಡಿಯುತ್ತಿದ್ದವು. ಬಾಯಿಗೆಲ್ಲ ನೊರೆ. ಯಲ್ಲವ್ವ ಒಂದು ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹುಣಸೆಹಣ್ಣಿನ ನೀರು ಕುಡಿಸುತ್ತಿದ್ದಳು. ಅದು ಅವಳ ಸೀರೆಯ ಮೇಲೆಯೇ ಸತ್ತಿತು. ಅವಳು ಅದನ್ನು ಕೆಳಗಿಟ್ಟು ಇನ್ನೊಂದರ ಹತ್ತಿರ ಹೋದಳು. ಅಳಲಿಲ್ಲ, ಅಳಲಿಕ್ಕೆ ಪುರುಸೊತ್ತಿರಲಿಲ್ಲ. ಮಾಳಪ್ಪ ನನ್ನನ್ನು ನೋಡಿದ.

"ಎಣ್ಣಿ ವಾಸನಿ ಬಂದಿತ್ತು ಸಾಹೇಬ್ರ," ಎಂದ. "ನಮಗ ಬರಲಾರದ ಏನು. ಹೊಲದ ಬಾಯಾಗ ಮುಳ್ಳಿಲ್ಲ, ಜೀಪಿನ್ಯಾಗೂ ಹೇಳ್ಯಾರ ಅಂತ ಬಿಟ್ಟೆ."

ಮುಳ್ಳು ಬೈಗುಳವಲ್ಲ, ಮಾತು ಎಂದು ನನಗೆ ಗೊತ್ತಾದದ್ದು ಆಗ. ಕಂಟಿ ಅಡ್ಡ ಇದ್ದರೆ ಇವತ್ತು ಬೇಡ ಎಂದು. ಪಕ್ಕಕ್ಕೆ ಸರಿದಿದ್ದರೆ ಬರಬಹುದು ಎಂದು. ಓದು ಬರದವರು ನೂರಾರು ವರ್ಷ ಅದನ್ನು ಓದಿಕೊಂಡು ಬಂದಿದ್ದರು. ಅದನ್ನು ನಾನು ಅಳಿಸಿ ನನ್ನ ದನಿಯನ್ನು ಆ ಜಾಗದಲ್ಲಿ ಇಟ್ಟಿದ್ದೆ, ಇಟ್ಟು ಹಾರ ಹಾಕಿಸಿಕೊಳ್ಳಲು ಹೋಗಿದ್ದೆ.

ಊರೊಳಗೆ ನಿಂಗಪ್ಪನ ಮನೆಯ ಮುಂದೆ ಕುರಿಗಾರರು ಕೂಡಿದ್ದರು. ಬೇಕೆಂದೇ ವಿಷ ಇಟ್ಟಿದ್ದಾನೆ ಎಂಬುದು ಅವರ ಮಾತು. ಮನೆಯವರು ಒಳಗಿಂದ ಅಗಳಿ ಹಾಕಿಕೊಂಡಿದ್ದರು, ಕೂಸೊಂದು ಅಳುವುದು ಕೇಳುತ್ತಿತ್ತು. ಸಾಹೇಬರು ಬಂದರು, ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ನನ್ನ ಕೈಗಿಟ್ಟರು. ಕುರಿಗಳು ರೋಗದಿಂದ ಸತ್ತಿವೆ, ಯಾರ ತಪ್ಪೂ ಇಲ್ಲ, ಶಾಂತರಾಗಿರಿ. "ಇದನ್ನ ಓದು. ಇಲ್ಲದಿದ್ದರೆ ಈ ಮನೆಯೊಳಗೆ ಇವತ್ತು ಹೆಣ ಬೀಳುತ್ತದೆ," ಎಂದರು. ಚೀಟಿ ನನ್ನ ಜೇಬಿನಲ್ಲಿತ್ತು. ನಾನು ಹಾಳೆಯನ್ನು ಓದಿದೆ, ಎರಡು ಸಲ ಓದಿದೆ. ನನ್ನ ದನಿ ಎಲ್ಲೂ ನಡುಗಲಿಲ್ಲ. ಬಡಿಗೆಗಳು ಕೆಳಗಾದವು. ಒಂದು ತಿಂಗಳು ಅವರು ನನ್ನ ಮಾತು ಕೇಳಿ ಸುಖಪಟ್ಟಿದ್ದರು, ಅದಕ್ಕೇ ಆ ದಿನವೂ ನಂಬಿದರು.

ಮನೆಯೊಳಗೆ ಹೆಣ ಬೀಳಲಿಲ್ಲ. ಸಾಹೇಬರ ಲೆಕ್ಕ ಸರಿಯಾಗಿತ್ತು. ಆದರೆ ಕುರಿಗೆ ರೋಗ ಎಂದು ಮೈಕಿನಲ್ಲಿ ಹೇಳಿದರೆ ಏನಾಗುತ್ತದೆ ಎಂದು ಸಾಹೇಬರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಐದನೆಯ ದಿನ ಯಲ್ಲವ್ವ ನಡೆದುಕೊಂಡು ಶಿಗ್ಗಾಂವಿಗೆ ಬಂದಳು. ಆಫೀಸಿನ ಬಾಗಿಲಲ್ಲಿ ನಿಂತಳು, ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

"ಉಳಿದ ಕುರೀನ ಯಾರೂ ಹೊಲದಾಗ ಬಿಡವಲ್ರಿ," ಎಂದಳು. "ರೋಗದ ಕುರಿ ಅಂತಾರ. ನಮ್ಮ ಮಂದಿನ ದೂರ ಸರದಾರ. ಹಳ್ಳದಾಗ ನೀರ ಸೈತ ಕುಡಿಸಗೊಡವಲ್ರು. ಐದು ದಿನ ಆತು, ಒಣಾ ಹೊಟ್ಟಿಲೆ ರಸ್ತಾದಾಗ ನಿಂತಾವು. ಮರಿಗೋಳಿಗೆ ಹಾಲಿಲ್ಲ. ರೋಗಿಲ್ಲಂತ ಒಂದ ಮಾತು ಅದರಾಗ ಹೇಳ್ರಿ. ಸತ್ತದ್ದು ಸತ್ತು ಹೋದ್ವು, ಇದ್ದದ್ದರ ಉಳೀಲಿ."

ಸಾಹೇಬರ ಹತ್ತಿರ ಓಡಿದೆ. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ, ಇದನ್ನು ಹೇಳಲೇಬೇಕು. "ರೋಗ ಅಲ್ಲ ಅಂದರೆ ವಿಷ ಅಂದ ಹಾಗೆ. ವಿಷ ಅಂದರೆ ನಿಂಗಪ್ಪನ ತಲೆ ಹೋಗುತ್ತದೆ. ಒಬ್ಬನ ಹಿಂಡು ದೊಡ್ಡದೋ, ಒಬ್ಬನ ಜೀವ ದೊಡ್ಡದೋ ನೀನೇ ಹೇಳು," ಎಂದರು. ಜೇಬಿನ ಚೀಟಿ ತೆಗೆದು ಅವರ ಮುಂದಿಟ್ಟೆ. ಅವರು ಓದಿದರು, ನನ್ನ ಮುಖ ನೋಡಿದರು. "ಇದನ್ನ ಹರಿದು ಹಾಕು," ಎಂದರು. "ನೀನು ಬಾಯಿ ಬಿಟ್ಟರೆ ನಾನು ನಿನ್ನ ಹಿಂದೆ ನಿಲ್ಲುವುದಿಲ್ಲ." ಆಮೇಲೆ ಬಂದ ನೋಟಿಸು, ವರ್ಗಾವಣೆ ಎಲ್ಲ ಅವರು ಮೊದಲೇ ಹೇಳಿದ ಹಾಗೆಯೇ ಬಂದವು. ನನಗೆ ಅವರ ಮೇಲೆ ದೂರಿಲ್ಲ.

ಚೀಟಿ ಹರಿಯಲಿಲ್ಲ. ಅಲ್ಲಿಂದ ನೇರ ನಿಂಗಪ್ಪನ ಮನೆಗೆ ಹೋದೆ. ಐದು ದಿನದಲ್ಲಿ ಅವನ ಗಲ್ಲ ಒಳಗೆ ಹೋಗಿತ್ತು. ಎಣ್ಣೆ ಹೊಡೆದ ದಿನವೇ ಮುಳ್ಳು ಯಾಕೆ ಅಡ್ಡ ಇಡಲಿಲ್ಲ ಎಂದು ಕೇಳಿದೆ. ಅದನ್ನು ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

"ಕಂಟಿ ಕಡದು ತಂದಿದ್ದೆ ಸಾಹೇಬ್ರ," ಎಂದ. "ಫೋಟೋ ಬಂದಮ್ಯಾಲ ಮತ್ತ ಹ್ಯಾಂಗ ಮುಳ್ಳು ಹಚ್ಚಲಿ? ಊರ ಮಂದಿ ನಗತಾರ, ನಿಮಗೂ ಕೆಟ್ಟ ಹೆಸರು ಬರತೈತಿ ಅನಿಸ್ತು. ನಿಮ್ಮ ಕಿವಿಗೆ ಹಾಕಿದ್ರ ಸಾಕು ಅಂತ ಚೀಟಿ ಕಳಿಸಿದೆ."

ಆ ಕಂಟಿ ಅವನ ಹಿತ್ತಿಲ ಗೋಡೆಗೆ ಒರಗಿಕೊಂಡು ಅಲ್ಲೇ ಒಣಗುತ್ತಿತ್ತು. ನನ್ನ ಮರ್ಯಾದೆ ಉಳಿಸಲು ಹೋಗಿ ಅವನು ಮುಳ್ಳು ಇಟ್ಟಿರಲಿಲ್ಲ. ಎದುರಿಗೆ ಕುಳಿತು ನಾನು ಅತ್ತುಬಿಟ್ಟೆ. ನಾಳೆ ಸಂತೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನಿನ್ನ ಹೆಸರೂ ಬರುತ್ತದೆ, ಬೇಕಾದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ದಿನ ಬೇರೆ ಊರಿಗೆ ಹೋಗು ಎಂದೆ. ಅವನು ಎದ್ದು ಒಳಗೆ ಹೋದ.

ಮರುದಿನ ಆ ಊರಿನ ಸಂತೆ. ರೈತರು, ಕುರಿಗಾರರು ಎಲ್ಲರೂ ಬರುವ ದಿನ. ಖಾದರಸಾಬರು ಜೀಪನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಬಿಸಿಲು ಚುರುಕಾಗಿತ್ತು. ಮಾಳಪ್ಪ, ಯಲ್ಲವ್ವ ಊರ ಹೊರಗೆ ರಸ್ತೆಯಲ್ಲಿ ಹಿಂಡು ನಿಲ್ಲಿಸಿ, ನಾಯಿಗಳನ್ನು ಕಾವಲಿಗೆ ಬಿಟ್ಟು ಬಂದಿದ್ದರು. ಅವರ ಸುತ್ತ ಯಾರೂ ನಿಂತಿರಲಿಲ್ಲ. ನಾನು ಮೈಕು ಹಿಡಿದೆ, ಮೊದಲ ಸಲ ನನ್ನ ದನಿ ನನಗೆ ಗುರುತು ಸಿಗಲಿಲ್ಲ. ಕುರಿಗಳಿಗೆ ರೋಗವಿಲ್ಲ, ಅವು ಸತ್ತದ್ದು ಎಣ್ಣೆ ಹೊಡೆದ ಎಲೆ ತಿಂದು ಎಂದೆ. ನಿಂಗಪ್ಪ ಎರಡು ದಿನ ಮೊದಲೇ ನನಗೆ ತಿಳಿಸಿದ್ದ, ನಾನು ನೋಡಲಿಲ್ಲ ಎಂದೆ. ಮುಳ್ಳು ತೆಗೆಸಿದವನು ನಾನು, ರೋಗ ಎಂದು ಸುಳ್ಳು ಹೇಳಿದವನೂ ನಾನು, ಬಡಿಯುವುದಿದ್ದರೆ ನನ್ನನ್ನು ಬಡಿಯಿರಿ ಎಂದೆ. ಚೀಟಿಯನ್ನು ಓದಿದೆ.

ಕುರಿಗಾರರ ಗುಂಪಿನಿಂದ ಒಬ್ಬ ಮುದುಕ ಮುಂದೆ ಬಂದ.

"ರೋಗ ಅಂದಾಂವನೂ ನೀನ, ಅಲ್ಲ ಅನ್ನಾಂವನೂ ನೀನ," ಎಂದ. "ಅದ ಡಬ್ಬಿ, ಅದ ದನಿ. ಯಾವದನ್ನ ನಂಬೂಣು?"

ಖಾದರಸಾಬರು ಎಲೆ ಜಗಿಯುವುದನ್ನು ನಿಲ್ಲಿಸಿದ್ದರು. ಆಗ ಯಲ್ಲವ್ವ ಮಾತಾಡಿದಳು. ದೊಡ್ಡ ದನಿಯಲ್ಲೇನೂ ಅಲ್ಲ.

"ಇವತ್ತಿಂದು ಖರೇ ಐತಿ, ಕಾಕಾ," ಎಂದಳು. "ಅವತ್ತ ಇಂವ ಕಾಗದ ನೋಡಿ ಮಾತಾಡಿದ್ದ. ಇವತ್ತ ನಮ್ಮನ್ನ ನೋಡಿ ಮಾತಾಡ್ಯಾನ."

ಮುದುಕ ಅವಳನ್ನು ನೋಡಿದ, ನನ್ನನ್ನು ನೋಡಿದ, ಬಡಿಗೆಯನ್ನು ನೆಲಕ್ಕೆ ಊರಿ ಅದರ ಮೇಲೆ ಕೈ ಇಟ್ಟು ನಿಂತ. ಅಷ್ಟರಲ್ಲಿ ಜನರ ನಡುವೆ ದಾರಿ ತೆರೆದುಕೊಂಡಿತು. ನಿಂಗಪ್ಪ ಬರುತ್ತಿದ್ದ. ಊರು ಬಿಟ್ಟು ಹೋಗಿರಲಿಲ್ಲ. ಒಬ್ಬನೇ ಬಂದ, ತಲೆಯ ಮೇಲೆ ರುಮಾಲಿರಲಿಲ್ಲ. ಅವನು ನನ್ನ ಕಡೆ ತಿರುಗಲೂ ಇಲ್ಲ. ಮಾಳಪ್ಪನ ಎದುರು ಹೋಗಿ ನಿಂತ.

"ಕಣದ ಬಾಜೂಕಿನ ಜ್ವಾಳದ ಹೊಲ ಖಾಲಿ ಐತಿ," ಎಂದ. "ಅದಕ್ಕ ಏನೂ ಹೊಡದಿಲ್ಲ. ನಮ್ಮ ಎತ್ತು ಅಲ್ಲೇ ಮೇಯಾಕತ್ತಾವು. ಕುರಿ ಹೊಡಕೊಂಡ ಬಾ, ಮಾಳಣ್ಣ."

ಮಾಳಪ್ಪ ಅವನ ಮುಖ ನೋಡಿದ, ಹಿಂಡು ನಿಂತ ರಸ್ತೆಯ ಕಡೆ ನೋಡಿದ.

"ಬರ್ತೇನಿ," ಎಂದ. "ಆದರ ಹಿಂಡಿನ ಮುಂದ ನೀನ ನಡೀಬೇಕು. ಊರ ನಡುವ ನಡೀಬೇಕು."

ಹಾಗೆಯೇ ಆಯಿತು. ಊರ ಹೊರಗಿನಿಂದ ಹಿಂಡು ಬಂತು, ಮುಂದೆ ನಿಂಗಪ್ಪ, ಹಿಂದೆ ಮಾಳಪ್ಪ, ಪಕ್ಕದಲ್ಲಿ ಕುದುರೆ ಹಿಡಿದ ಯಲ್ಲವ್ವ. ಸೊರಗಿದ ಕುರಿಗಳು ತಲೆ ತಗ್ಗಿಸಿ ನಡೆದವು. ಅಂಗಡಿಯವರು ಎದ್ದು ದಾರಿ ಬಿಟ್ಟರು. ಹಳ್ಳದಲ್ಲಿ ನೀರು ಕುಡಿಸಲು ಬಿಡದವರೂ ಅಲ್ಲೇ ಇದ್ದರು, ನೋಡಿದರು. ಒಬ್ಬ ಮುದುಕಿ ತನ್ನ ಸೊಪ್ಪಿನ ಕಟ್ಟೊಂದನ್ನು ಹಿಂಡಿನೊಳಗೆ ಎಸೆದಳು. ನನಗೆ ತಡೆಯಲಾಗಲಿಲ್ಲ. ನಾವೂ ಹಿಂದೆ ಹೋಗಿ ಇನ್ನೊಮ್ಮೆ ಮೈಕಿನಲ್ಲಿ ಹೇಳೋಣ, ಅಕ್ಕಪಕ್ಕದ ಹೊಲದವರಿಗೂ ಗೊತ್ತಾಗಲಿ ಎಂದು ಖಾದರಸಾಬರಿಗೆ ಹೇಳಿದೆ. ಅವರು ಇಂಜಿನ್ ಚಾಲು ಮಾಡಿದರು.

ಸಪ್ಪಳ ಕೇಳಿ ಮಾಳಪ್ಪ ಹಿಂತಿರುಗಿದ. ನಾಲ್ಕು ಹೆಜ್ಜೆ ವಾಪಸು ಬಂದು ಜೀಪಿನ ಮೂತಿಯ ಮೇಲೆ ಕೈ ಇಟ್ಟ. ಸಿಟ್ಟಿನಿಂದ ಅಲ್ಲ, ಎತ್ತನ್ನು ನಿಲ್ಲಿಸುವ ಹಾಗೆ.

"ನೀವು ಬ್ಯಾಡ್ರಿ ಸಾಹೇಬ್ರ," ಎಂದ. "ಹಸದ ಕುರಿ ಅದಾವು, ಬೆದರತಾವು. ನೋಡಾವ್ರೆಲ್ಲಾ ನೋಡ್ಯಾರ."

ಖಾದರಸಾಬರು ಇಂಜಿನ್ ಆರಿಸಿದರು. ಹಿಂಡು ತಿರುವಿನಲ್ಲಿ ಮರೆಯಾಗುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಮೈಕು ಇನ್ನೂ ನನ್ನ ಕೈಯಲ್ಲಿತ್ತು, ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.